ಕುಲುಮೆ ಇಲ್ಲದ ಕಮ್ಮಾರ: ಎಲಿಹು ಥಾಮ್ಸನ್

ಥಾಮ್ಸನ್ ಅಂದ ತಕ್ಷಣ ಪಿಯುಸಿ ಮುಗಿಸಿ ಬಂದ ನಮಗೆಲ್ಲ ನೆನಪಾಗೋದು ಇಬ್ಬರು. ಒಬ್ಬರು ಎಲೆಕ್ಟ್ರಾನ್ ಕಂಡುಹಿಡಿದ ಜೆ. ಜೆ. ಥಾಮ್ಸನ್, ಇನ್ನೊಬ್ಬರು ವಿಲಿಯಂ ಥಾಮ್ಸನ್, ಅಂದ್ರೆ ಲಾರ್ಡ್ ಕೆಲ್ವಿನ್. ಮೂರನೆಯವರೊಬ್ಬರು ಇದ್ದಾರೆ. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಸಿಗಲ್ಲ, ಆದರೆ ಅವರ ಕೆಲಸವನ್ನು ನಾವು ದಿನಾ ಮುಟ್ಟುತ್ತೇವೆ. ಕಾರಿನ ಬಾಗಿಲು, ಮನೆಯ ಸ್ಟೀಲ್ ಬೀರು, ವಾಷಿಂಗ್ ಮೆಷಿನ್‌ನ ಹೊರಮೈ, ಬ್ಯಾಟರಿ ಸೆಲ್‌ಗಳ ಮೇಲೆ ಅಂಟಿರುವ ನಿಕಲ್ ಪಟ್ಟಿ, ಇವೆಲ್ಲ ಸೇರಿಕೊಂಡಿರೋದು ಹೆಚ್ಚಾಗಿ ಅವರು ಹುಡುಕಿದ ದಾರಿಯಲ್ಲೇ. ಅವರೇ ಎಲಿಹು ಥಾಮ್ಸನ್, ರೆಸಿಸ್ಟೆನ್ಸ್ ವೆಲ್ಡಿಂಗ್‌ನ ಜನಕ.

ಥಾಮ್ಸನ್ ಹುಟ್ಟಿದ್ದು 1853ರ ಮಾರ್ಚ್ 29ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ತಂದೆ ಡೇನಿಯಲ್ ಮೆಕ್ಯಾನಿಕ್. 1858ರಲ್ಲಿ ಇಡೀ ಸಂಸಾರ ಕೆಲಸ ಹುಡುಕಿಕೊಂಡು ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಯಿತು. ಹುಡುಗ ಓದಿನಲ್ಲಿ ಎಷ್ಟು ಚುರುಕು ಅಂದ್ರೆ, 11ನೇ ವಯಸ್ಸಿಗೇ ಹೈಸ್ಕೂಲಿಗೆ ತಯಾರಾಗಿದ್ದ. ಆದರೆ ಅಲ್ಲಿ ಸೇರಿಸಿಕೊಳ್ಳೋಕೆ 13 ಆಗಿರಬೇಕಿತ್ತು. ಅಲ್ಲಿಯವರೆಗೆ ಪುಸ್ತಕ ಬದಿಗಿಟ್ಟು ಮೈ ಗಟ್ಟಿ ಮಾಡಿಕೊಳ್ಳಲಿ ಅಂತ ದೊಡ್ಡವರು ತೀರ್ಮಾನಿಸಿದರು. ಹುಡುಗನಿಗೆ ಅದು ಶಿಕ್ಷೆಯೇ ಆಯಿತು. ಕೊನೆಗೆ ಮನೆಯವರು ಜಾದೂ ಮತ್ತು ವಿಜ್ಞಾನದ ಆಟಗಳ ಒಂದು ಪುಸ್ತಕ ಕೊಡಿಸಿದರು. ಅದನ್ನು ನೋಡಿಕೊಂಡು ಅವನು ವೈನ್ ಬಾಟಲಿಯೊಂದನ್ನು ತಿರುಗಿಸಿ, ಉಜ್ಜಿ, ಕಿಡಿ ಬರಿಸುವ ಯಂತ್ರ ಮಾಡಿಬಿಟ್ಟ. ಅಪ್ಪ ಆ ಸಣ್ಣ ಕಿಡಿ ನೋಡಿ ನಕ್ಕರಂತೆ. ಹುಡುಗ ಸುಮ್ಮನಾಗಲಿಲ್ಲ. ಲೇಡನ್ ಜಾರ್‌ಗಳನ್ನು, ಅಂದ್ರೆ ಆ ಕಾಲದ ಕೆಪಾಸಿಟರ್‌ಗಳನ್ನು ಸಾಲಾಗಿ ಜೋಡಿಸಿ, ಚಾರ್ಜ್ ತುಂಬಿ, ಅಪ್ಪನನ್ನು ಮತ್ತೆ ಕರೆದ. ಈ ಸಲ ಹೊಡೆದ ಶಾಕ್‌ಗೆ ಅಪ್ಪನ ನಗು ನಿಂತಿತು.

ಫಿಲಡೆಲ್ಫಿಯಾದ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ 1870ರಲ್ಲಿ ಹೊರಬಂದ ಥಾಮ್ಸನ್, ಸ್ವಲ್ಪ ದಿನಕ್ಕೇ ಅದೇ ಶಾಲೆಗೆ ಮೇಷ್ಟ್ರಾಗಿ ವಾಪಸ್ ಹೋದರು. ಕಲಿಸಿದ್ದು ಕೆಮಿಸ್ಟ್ರಿ. ಅಲ್ಲೇ ಎಡ್ವಿನ್ ಹ್ಯೂಸ್ಟನ್ ಎಂಬ ಹಿರಿಯ ಸಹೋದ್ಯೋಗಿಯ ಜೊತೆ ಸೇರಿ ವಿದ್ಯುತ್ತಿನ ಪ್ರಯೋಗಗಳನ್ನು ಶುರು ಮಾಡಿದರು. ಕಾಲೇಜ್ ಮೆಟ್ಟಿಲು ಹತ್ತಿ ಎಂಜಿನಿಯರಿಂಗ್ ಡಿಗ್ರಿ ಪಡೆದವರಲ್ಲ ಇವರು. ಕಲಿತದ್ದೆಲ್ಲ ಕೈಯಾರೆ ಮಾಡಿ, ಮಾಡಿದ್ದನ್ನು ಮಕ್ಕಳಿಗೆ ಹೇಳಿಕೊಟ್ಟು.

1877ರಲ್ಲಿ ಅದೇ ಊರಿನ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಥಾಮ್ಸನ್ ವಿದ್ಯುತ್ತಿನ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ಮೇಜಿನ ಮೇಲೆ ಇಂಡಕ್ಷನ್ ಕಾಯಿಲ್ ಇತ್ತು. ಸಾಮಾನ್ಯವಾಗಿ ದಪ್ಪ ತಂತಿಯ ಸುತ್ತಿಗೆ ಕರೆಂಟ್ ಕೊಟ್ಟು, ಸಣ್ಣ ತಂತಿಯ ಸುತ್ತಿನಿಂದ ಹೈ ವೋಲ್ಟೇಜ್ ಕಿಡಿ ತೆಗೆಯುತ್ತಾರೆ. ಥಾಮ್ಸನ್ ಅದನ್ನು ಉಲ್ಟಾ ಮಾಡಿ ತೋರಿಸಿದರು. ಲೇಡನ್ ಜಾರ್‌ಗಳಲ್ಲಿ ತುಂಬಿದ್ದ ಚಾರ್ಜನ್ನು ಸಣ್ಣ ತಂತಿಯ ಸುತ್ತಿನೊಳಗೆ ಬಿಟ್ಟರು. ದಪ್ಪ ತಂತಿಯ ಎರಡು ತುದಿಗಳು ಒಂದಕ್ಕೊಂದು ಹಗುರವಾಗಿ ತಾಗಿಕೊಂಡಿದ್ದವು. ಆಮೇಲೆ ನೋಡಿದರೆ ಆ ತುದಿಗಳು ಬಿಡಿಸಿಕೊಳ್ಳಲಾರದಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದವು.

ಇಂಥದ್ದು ನಮ್ಮ ಲ್ಯಾಬ್‌ನಲ್ಲಿ ಆದರೆ ಏನು ಮಾಡ್ತೀವಿ? ಅಂಟಿದ ತಂತಿ ಕತ್ತರಿಸಿ, ತುದಿ ಕೆರೆದು, ಮುಂದಿನ ರೀಡಿಂಗ್‌ಗೆ ಹೋಗ್ತೀವಿ ಅಷ್ಟೇ. ಥಾಮ್ಸನ್ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರು. ಆದರೆ ಆಗಲೇ ಅದರ ಹಿಂದೆ ಬೀಳೋಕೆ ಅವರ ಹತ್ತಿರ ಪುರುಸೊತ್ತೂ ಇರಲಿಲ್ಲ, ಬೇಕಾದಷ್ಟು ಕರೆಂಟ್ ಕೊಡುವ ಯಂತ್ರವೂ ಇರಲಿಲ್ಲ. ಆಗ ಎಲ್ಲರ ಕಣ್ಣು ಇದ್ದದ್ದು ಆರ್ಕ್ ದೀಪದ ಮೇಲೆ. ಥಾಮ್ಸನ್ ಮತ್ತು ಹ್ಯೂಸ್ಟನ್ ತಮ್ಮದೇ ಡೈನಮೋ ಕಟ್ಟಿ, ಫಿಲಡೆಲ್ಫಿಯಾದ ಒಂದು ಬೇಕರಿಯಲ್ಲಿ ದೀಪ ಉರಿಸಿದರು. 1880ರಲ್ಲಿ ಥಾಮ್ಸನ್ ಮೇಷ್ಟ್ರ ಕೆಲಸ ಬಿಟ್ಟು ಕನೆಕ್ಟಿಕಟ್‌ನ ನ್ಯೂ ಬ್ರಿಟನ್ ಎಂಬ ಊರಿನ ಕಂಪನಿ ಸೇರಿದರು. ಅಲ್ಲಿ ಬಂಡವಾಳ ಹಾಕಿದವರಿಗೆ ಆಸಕ್ತಿ ಕಡಿಮೆಯಾಯಿತು. ಆಗ ಕೈ ಹಿಡಿದವರು ಮ್ಯಾಸಚೂಸೆಟ್ಸ್‌ನ ಲಿನ್ ಊರಿನವರು. ಲಿನ್ ಚಪ್ಪಲಿ-ಬೂಟಿನ ಕಾರ್ಖಾನೆಗಳ ಊರು. ಶೂ ವ್ಯಾಪಾರದಲ್ಲಿ ಪಳಗಿದ್ದ ಚಾರ್ಲ್ಸ್ ಕಾಫಿನ್ ಮುಂದೆ ನಿಂತು, 1883ರಲ್ಲಿ ಥಾಮ್ಸನ್-ಹ್ಯೂಸ್ಟನ್ ಎಲೆಕ್ಟ್ರಿಕ್ ಕಂಪನಿ ಅಲ್ಲಿ ನೆಲೆಯೂರಿತು.

ಲಿನ್‌ಗೆ ಬಂದ ಮೇಲೆ ಥಾಮ್ಸನ್ ಮತ್ತೆ ಆ ಅಂಟಿದ ತಂತಿಯ ಕಡೆ ತಿರುಗಿದರು. 1886ರ ಆಗಸ್ಟ್‌ನಲ್ಲಿ ವಿದ್ಯುತ್ ಬೆಸುಗೆಯ ಪೇಟೆಂಟ್ ಅವರ ಕೈಗೆ ಬಂತು. 1888ರಲ್ಲಿ ಇದಕ್ಕೆಂದೇ ಪ್ರತ್ಯೇಕವಾದ ಥಾಮ್ಸನ್ ಎಲೆಕ್ಟ್ರಿಕ್ ವೆಲ್ಡಿಂಗ್ ಕಂಪನಿ ಹುಟ್ಟಿತು. ಉಪನ್ಯಾಸದ ದಿನದಿಂದ ಪೇಟೆಂಟ್‌ವರೆಗೆ 9 ವರ್ಷ.

ಅವರು ಮಾಡಿದ್ದೇನು ಅಂತ ಅರ್ಥವಾಗಬೇಕಾದರೆ ಮೊದಲು ನಮ್ಮೂರ ಕಮ್ಮಾರನನ್ನು ನೆನಪಿಸಿಕೊಳ್ಳೋಣ. ಎರಡು ಕಬ್ಬಿಣ ಸೇರಿಸೋಕೆ ಅವನು ಎರಡು ಕೆಲಸ ಮಾಡ್ತಾನೆ. ಕುಲುಮೆಯಲ್ಲಿ ಕೆಂಪಗೆ, ಬೆಳ್ಳಗೆ ಕಾಯಿಸ್ತಾನೆ. ಆಮೇಲೆ ಒಂದರ ಮೇಲೊಂದಿಟ್ಟು ಸುತ್ತಿಗೆಯಿಂದ ಬಡಿತಾನೆ. ಬರೀ ಕಾಯಿಸಿದರೆ ಎರಡು ಬಿಸಿ ಕಬ್ಬಿಣ ಸಿಗುತ್ತೆ, ಒಂದಾಗಲ್ಲ. ಬರೀ ಬಡಿದರೆ ತಣ್ಣನೆ ಕಬ್ಬಿಣ ಚಪ್ಪಟೆಯಾಗುತ್ತೆ, ಅದೂ ಒಂದಾಗಲ್ಲ. ಕಬ್ಬಿಣ ಕಾದಾಗಲೇ ಬಡಿಯಬೇಕು ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಥಾಮ್ಸನ್ ಕುಲುಮೆಯ ಜಾಗಕ್ಕೆ ಕರೆಂಟ್ ತಂದರು, ಸುತ್ತಿಗೆಯ ಜಾಗಕ್ಕೆ ಒತ್ತುವ ಯಂತ್ರ ತಂದರು, ಎರಡನ್ನೂ ಒಂದೇ ಮೆಷಿನ್‌ನಲ್ಲಿ ಇಟ್ಟರು.

ಕರೆಂಟಿನ ಭಾಗ ನಮಗೆ ಗೊತ್ತಿರೋದೇ. ಹುಟ್ಟುವ ಶಾಖ ಕರೆಂಟಿನ ವರ್ಗ, ರೆಸಿಸ್ಟೆನ್ಸ್, ಸಮಯ, ಈ ಮೂರರ ಗುಣಲಬ್ಧ. ಲೋಹದ ರೆಸಿಸ್ಟೆನ್ಸ್ ತೀರಾ ಕಡಿಮೆ, ಹಾಗಾಗಿ ಕರೆಂಟ್ ಭಾರೀ ಇರಬೇಕು. ಥಾಮ್ಸನ್ ಇದಕ್ಕೆ ಟ್ರಾನ್ಸ್‌ಫಾರ್ಮರ್ ಬಳಸಿದರು. ಅದರ ಸೆಕೆಂಡರಿ ಅಂದ್ರೆ ದಪ್ಪ ತಾಮ್ರದ ಒಂದೇ ಸುತ್ತು. ವೋಲ್ಟೇಜ್ ಕೆಲವೇ ವೋಲ್ಟ್, ಕರೆಂಟ್ ಸಾವಿರಾರು ಆಂಪಿಯರ್. ಉಪನ್ಯಾಸದ ಮೇಜಿನ ಮೇಲಿದ್ದ ಉಲ್ಟಾ ಕಾಯಿಲ್ ಇಲ್ಲಿ ದೊಡ್ಡದಾಗಿ ಬೆಳೆದು ನಿಂತಿತ್ತು.

ನಾವು ಓದುವಾಗ ಹಾರಿಸಿಬಿಡೋದು ಎರಡನೆಯ ಭಾಗವನ್ನು, ಅಂದ್ರೆ ಒತ್ತಡವನ್ನು. ಫಾರ್ಮುಲಾದಲ್ಲಿ ಅದರ ಹೆಸರೇ ಇಲ್ಲ ಅಲ್ವಾ! ಆದರೆ ಅದು ರೆಸಿಸ್ಟೆನ್ಸ್ ಒಳಗೆ ಅಡಗಿ ಕೂತಿದೆ. ಎರಡು ತಗಡು ತಾಗುವ ಮೈ ನಮ್ಮ ಕಣ್ಣಿಗೆ ನುಣುಪಾಗಿ ಕಂಡರೂ ನಿಜವಾಗಿ ಉಬ್ಬುತಗ್ಗು. ಅಲ್ಲಲ್ಲಿ ಕೆಲವು ಬಿಂದುಗಳು ಮಾತ್ರ ತಾಗಿರುತ್ತವೆ, ಅದಕ್ಕೇ ಅಲ್ಲಿ ರೆಸಿಸ್ಟೆನ್ಸ್ ಹೆಚ್ಚು, ಶಾಖ ಹುಟ್ಟೋದೂ ಅಲ್ಲೇ ಹೆಚ್ಚು. ಒತ್ತಡ ಕಡಿಮೆಯಾದರೆ ಆ ಕೆಲವೇ ಬಿಂದುಗಳು ಒಮ್ಮೆಗೇ ಕರಗಿ, ಲೋಹ ಕಿಡಿಯಾಗಿ ಹೊರಗೆ ಸಿಡಿಯುತ್ತೆ, ಒಳಗೆ ಟೊಳ್ಳು ಉಳಿಯುತ್ತೆ. ಒತ್ತಡ ಜಾಸ್ತಿಯಾದರೆ ತಗಡುಗಳು ತುಂಬಾ ಚೆನ್ನಾಗಿ ತಾಗಿ, ರೆಸಿಸ್ಟೆನ್ಸ್ ಇಳಿದು, ಶಾಖವೇ ಸಾಲದೆ ಬೆಸುಗೆ ಹಸಿಯಾಗಿ ಉಳಿಯುತ್ತೆ. ಕರೆಂಟ್ ನಿಂತ ಮೇಲೂ ಒತ್ತಡ ಇರಲೇಬೇಕು. ಕರಗಿದ ಲೋಹ ಗಟ್ಟಿಯಾಗುವ ತನಕ ಹಿಡಿದಿಡದಿದ್ದರೆ ತಗಡುಗಳು ಬಿಟ್ಟುಕೊಳ್ಳುತ್ತವೆ ಅಥವಾ ಬಿರುಕು ಬಿಡುತ್ತವೆ. ಹಾಗಾಗಿ ಇವತ್ತಿಗೂ ಸ್ಪಾಟ್ ವೆಲ್ಡಿಂಗ್‌ನ ಸರದಿ ಹೀಗೇ: ಮೊದಲು ಒತ್ತು, ಆಮೇಲೆ ಕರೆಂಟ್ ಬಿಡು, ಕರೆಂಟ್ ನಿಲ್ಲಿಸಿ ಹಿಡಿದುಕೋ, ಕೊನೆಗೆ ಬಿಡು.

ಥಾಮ್ಸನ್ ಮೊದಮೊದಲು ಮಾಡಿದ ಯಂತ್ರಗಳಲ್ಲಿ ಎರಡು ಸರಳುಗಳ ತುದಿಗೆ ತುದಿ ಕೊಟ್ಟು, ತಾಮ್ರದ ಹಿಡಿಕೆಗಳಲ್ಲಿ ಬಿಗಿದು, ಸ್ಪ್ರಿಂಗ್ ಅಥವಾ ಸ್ಕ್ರೂ ಮೂಲಕ ಒಂದರ ಕಡೆ ಒಂದನ್ನು ತಳ್ಳುತ್ತಿದ್ದರು. ತಂತಿಗೆ, ತೆಳು ಸರಳಿಗೆ ಇದು ಸಾಕು. ಗಾಡಿಯ ಅಚ್ಚಿನಂಥ ದಪ್ಪ ಕಬ್ಬಿಣಕ್ಕೆ ಕೈಬಲ ಎಲ್ಲಿ ಸಾಲುತ್ತೆ? ಅಲ್ಲಿಗೆ ಹೈಡ್ರಾಲಿಕ್ ಒತ್ತಡ ಬಂತು. ಮುಂದೆ ತಗಡಿನ ಸ್ಪಾಟ್ ವೆಲ್ಡಿಂಗ್ ಕಾರ್ಖಾನೆಗಳಲ್ಲಿ ಹಬ್ಬಿದಾಗ, ಕಾಲಲ್ಲಿ ಪೆಡಲ್ ತುಳಿಯುವ ಮೆಷಿನ್‌ಗಳ ಜಾಗಕ್ಕೆ ಗಾಳಿಯ ಸಿಲಿಂಡರ್ ಬಂತು. ಕಾರಣ ಸರಳ. ದಿನವೆಲ್ಲ ಪೆಡಲ್ ತುಳಿಯುವವನ ಕಾಲು ಸಂಜೆಗೆ ಸೋಲುತ್ತೆ, ಬೆಳಗ್ಗೆ ಹಾಕಿದ ಬೆಸುಗೆ ಒಂದು ಥರ, ಸಂಜೆಯದು ಇನ್ನೊಂದು ಥರ ಆಗಿಬಿಡುತ್ತೆ. ಸಿಲಿಂಡರ್‌ಗೆ ಸುಸ್ತಾಗಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. 80 ಮಿಲಿಮೀಟರ್ ವ್ಯಾಸದ ಪಿಸ್ಟನ್ ಮೇಲೆ 5 ಬಾರ್ ಗಾಳಿ ಬಿಟ್ಟರೆ ಬರುವ ಬಲ ಸುಮಾರು 2500 ನ್ಯೂಟನ್, ಅಂದ್ರೆ 250 ಕೆಜಿ ತೂಕದಷ್ಟು. 1 ಮಿಲಿಮೀಟರ್ ದಪ್ಪದ ಎರಡು ಉಕ್ಕಿನ ತಗಡು ಬೆಸೆಯೋಕೆ ಹೆಚ್ಚುಕಮ್ಮಿ ಇಷ್ಟೇ ಬೇಕು. ಅದರ ಜೊತೆ ಸುಮಾರು 10,000 ಆಂಪಿಯರ್, ಸುಮಾರು 0.2 ಸೆಕೆಂಡ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಗಾಳಿಗೆ ಇನ್ನೂ ಒಂದು ಗುಣ ಇದೆ. ಲೋಹ ಮೆತ್ತಗಾಗಿ ಕುಸಿದ ತಕ್ಷಣ ಒಳಗಿನ ಗಾಳಿ ಹಿಗ್ಗಿ, ಎಲೆಕ್ಟ್ರೋಡನ್ನು ಹಿಂದೆಯೇ ತಳ್ಳಿಕೊಂಡು ಹೋಗುತ್ತೆ, ಹಿಡಿತ ತಪ್ಪಲ್ಲ. ಹೈಡ್ರಾಲಿಕ್‌ನ ಗುಣ ಬೇರೆ. ಎಣ್ಣೆಯ ಒತ್ತಡ ಗಾಳಿಗಿಂತ ಹಲವು ಪಟ್ಟು ಹೆಚ್ಚಿರಬಹುದು, ಹಾಗಾಗಿ ಸಣ್ಣ ಸಿಲಿಂಡರ್‌ನಿಂದಲೇ ದೊಡ್ಡ ಬಲ ಸಿಗುತ್ತೆ. ಜಾಗ ಇಕ್ಕಟ್ಟಾದಲ್ಲಿ, ತಗಡು ದಪ್ಪ ಇದ್ದಲ್ಲಿ ಅದೇ ಅನುಕೂಲ. ಈಗ ರೋಬಾಟ್‌ಗಳ ಕೈಯಲ್ಲಿ ಸರ್ವೋ ಮೋಟಾರ್ ಬಂದಿದೆ, ಆದರೆ ಒತ್ತುವ ಕೆಲಸ ಮಾತ್ರ ತಪ್ಪಿಲ್ಲ.

ಈ ಕಥೆಯಲ್ಲಿ ಒಂದು ಕೋರ್ಟ್ ಕೇಸೂ ಇದೆ. ತಗಡಿನ ಮೇಲೆ ತಗಡಿಟ್ಟು ಚುಕ್ಕಿ ಚುಕ್ಕಿಯಾಗಿ ಬೆಸೆಯುವ ವಿಧಾನಕ್ಕೆ ಹರ್ಮಾಟಾ ಎಂಬವರು 1912ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಆ ಪೇಟೆಂಟ್ ಥಾಮ್ಸನ್ ಹೆಸರಿನ ಸ್ಪಾಟ್ ವೆಲ್ಡರ್ ಕಂಪನಿಯ ಕೈಗೆ ಬಂತು, ಕಂಪನಿ ಫೋರ್ಡ್ ಮೇಲೆ ದಾವೆ ಹೂಡಿತು. 1924ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಫೋರ್ಡ್ ಪರ ತೀರ್ಪು ಕೊಟ್ಟಿತು. ಅದುವರೆಗೆ ಗೊತ್ತಿದ್ದ ವಿಧಾನಗಳನ್ನು ಬಲ್ಲ ಕಸುಬುದಾರನಿಗೆ ಇದು ತಾನಾಗಿ ಹೊಳೆಯುವಂಥದ್ದು, ಹೊಸ ಆವಿಷ್ಕಾರ ಅಲ್ಲ ಅನ್ನೋದು ತೀರ್ಪಿನ ತಿರುಳು. ಥಾಮ್ಸನ್ ಹೆಸರಿನ ಕಂಪನಿ ಸೋತಿತು. ಆದರೆ ಆ ಕಸುಬುದಾರನಿಗೆ ಅಷ್ಟು ಸುಲಭವಾಗಿ ಹೊಳೆಯುವಂತೆ ದಾರಿ ಮಾಡಿಕೊಟ್ಟವರಲ್ಲಿ ಥಾಮ್ಸನ್ ಮೊದಲಿಗರು. ಇವತ್ತು ಒಂದು ಕಾರಿನ ಬಾಡಿಯಲ್ಲಿ ಕೆಲವು ಸಾವಿರ ಸ್ಪಾಟ್ ವೆಲ್ಡ್ ಇರುತ್ತವೆ.

1892ರಲ್ಲಿ ಥಾಮ್ಸನ್-ಹ್ಯೂಸ್ಟನ್ ಕಂಪನಿಯೂ ಎಡಿಸನ್ ಕಂಪನಿಯೂ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು. ಕಾಫಿನ್ ಅದರ ಮೊದಲ ಅಧ್ಯಕ್ಷರಾದರು. ಥಾಮ್ಸನ್ ಮನಸ್ಸು ಮಾಡಿದ್ದರೆ ದೊಡ್ಡ ಕುರ್ಚಿಯಲ್ಲಿ ಕೂರಬಹುದಿತ್ತು. ಅವರು ಆರಿಸಿಕೊಂಡದ್ದು ಲಿನ್‌ನ ಪ್ರಯೋಗಾಲಯವನ್ನೇ. ನಮ್ಮ ನಾಡಿಗೂ ಈ ಕಂಪನಿಗೂ ಒಂದು ನಂಟಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿದಾಗ, ಅದರ ವಿದ್ಯುತ್ ಯಂತ್ರಗಳು ಬಂದದ್ದು ಜನರಲ್ ಎಲೆಕ್ಟ್ರಿಕ್‌ನಿಂದ.

ಥಾಮ್ಸನ್ ಪಡೆದ ಪೇಟೆಂಟ್‌ಗಳು ಸುಮಾರು 700. ವಿದ್ಯುತ್ ಮೀಟರ್, ಆರ್ಕ್ ದೀಪ, ಡೈನಮೋ, ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರ, ಪಟ್ಟಿ ಉದ್ದ ಇದೆ. ನಮ್ಮ ಫಿಸಿಕ್ಸ್ ಲ್ಯಾಬ್‌ಗಳಲ್ಲಿ ಅಲ್ಯೂಮಿನಿಯಂ ಉಂಗುರವನ್ನು ಮೇಲಕ್ಕೆ ಹಾರಿಸುವ ಪ್ರಯೋಗ ಇರುತ್ತಲ್ಲ, ಅದೂ ಅವರದೇ. ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದ ಮರುವರ್ಷ, 1896ರಲ್ಲಿ, ಅದರಿಂದ ಮೈ ಸುಡುತ್ತೋ ಇಲ್ಲವೋ ಅಂತ ವಾದ ನಡೀತಿತ್ತು. ಥಾಮ್ಸನ್ ಬೇಕಂತಲೇ ತಮ್ಮ ಎಡಗೈ ಕಿರುಬೆರಳನ್ನು ಟ್ಯೂಬಿನ ಮುಂದೆ ಹಿಡಿದರು. ಬೆರಳು ಊದಿತು, ಬೊಬ್ಬೆ ಬಂತು. ಅದನ್ನು ಬರೆದು ಪ್ರಕಟಿಸಿ, ಬೇರೆಯವರು ಹುಷಾರಾಗಿರುವಂತೆ ಎಚ್ಚರಿಸಿದರು. ಯಾವ ಬೆರಳಾದರೆ ಹೋದರೂ ಕೆಲಸ ನಿಲ್ಲಲ್ಲ ಅಂತ ಎಂಜಿನಿಯರ್ ಹಾಗೆ ಲೆಕ್ಕ ಹಾಕಿಯೇ ಆರಿಸಿದ್ದರು ಅಂತ ನಮಗೆ ಅನ್ನಿಸುತ್ತೆ.

1909ರಲ್ಲಿ ಅಮೆರಿಕದ ಎಲೆಕ್ಟ್ರಿಕಲ್ ಎಂಜಿನಿಯರ್‌ಗಳ ಸಂಸ್ಥೆ ಎಡಿಸನ್ ಪದಕ ಕೊಡೋಕೆ ಶುರು ಮಾಡಿದಾಗ, ಮೊದಲ ಪದಕ ಸಿಕ್ಕಿದ್ದು ಒಂದು ಕಾಲದಲ್ಲಿ ಎಡಿಸನ್ ಕಂಪನಿಯ ಪೈಪೋಟಿದಾರರಾಗಿದ್ದ ಥಾಮ್ಸನ್‌ಗೆ! 1920ರಿಂದ 1923ರ ನಡುವೆ ಎಂಐಟಿಗೆ ಅಧ್ಯಕ್ಷರಿಲ್ಲದಾಗ ಎರಡು ಸಲ ಹಂಗಾಮಿ ಅಧ್ಯಕ್ಷರಾಗಿ ನಿಂತರು. ಮನೆಯಲ್ಲಿ ಟೆಲಿಸ್ಕೋಪ್ ಕಟ್ಟಿ ಆಕಾಶ ನೋಡುವ ಹುಚ್ಚೂ ಅವರಿಗಿತ್ತು. 1937ರ ಮಾರ್ಚ್ 13ರಂದು, ಲಿನ್ ಪಕ್ಕದ ಸ್ವಾಂಪ್‌ಸ್ಕಾಟ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. 84 ತುಂಬೋಕೆ ಇನ್ನು ಎರಡು ವಾರ ಅಷ್ಟೇ ಇತ್ತು.

ಥಾಮ್ಸನ್‌ಗೆ ಸಿಕ್ಕಿದ್ದು ಅದೃಷ್ಟ ಅಂತ ಹೇಳಿಬಿಡೋದು ಸುಲಭ. ತಂತಿ ತಾನಾಗೇ ಅಂಟಿತು, ಇವರು ಪೇಟೆಂಟ್ ಮಾಡಿದರು ಅಂತ. ಆದರೆ ಅಂಟಿದ ತಂತಿಯಿಂದ ಅಚ್ಚು ಬೆಸೆಯುವ ಯಂತ್ರದವರೆಗೆ ಹೋಗಬೇಕಾದರೆ, ಬೆಂಕಿ ಎಷ್ಟು ಮುಖ್ಯವೋ ಹಿಡಿತವೂ ಅಷ್ಟೇ ಮುಖ್ಯ ಅಂತ ಗೊತ್ತಿರಬೇಕು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಅಂತ ಬ್ರಾಂಚ್ ಹಂಚಿಕೊಂಡು ಕೂತ ನಮಗೆ ಇಲ್ಲೊಂದು ಮಾತಿದೆ. ಸ್ಪಾಟ್ ವೆಲ್ಡಿಂಗ್ ಮೆಷಿನ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಒಬ್ಬರದು, ಸಿಲಿಂಡರ್ ಇನ್ನೊಬ್ಬರದು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಬೆಸುಗೆ ಹಾಕೋಕಾಗಲ್ಲ. ಮುಂದಿನ ಸಲ ವರ್ಕ್‌ಶಾಪ್‌ನಲ್ಲಿ ಆ ಮೆಷಿನ್ ಮುಂದೆ ನಿಂತಾಗ, ಕರೆಂಟಿನ ನಾಬ್ ತಿರುಗಿಸೋ ಮೊದಲು ಪ್ರೆಶರ್ ಗೇಜ್ ಎಷ್ಟು ತೋರಿಸ್ತಿದೆ ಅಂತ ಒಮ್ಮೆ ನೋಡಿ.