ತ್ರಿಕೋನ ರೆಕ್ಕೆಯ ಮಾರ್ಸೆಲ್ ದಸೋ

ಮಕ್ಕಳೇ, ನೋಟ್‌ಬುಕ್ಕಿನ ಹಾಳೆ ಮಡಚಿ ತರಗತಿಯಲ್ಲಿ ರಾಕೆಟ್ ಹಾರಿಸಿದ್ದೀರಲ್ಲವೇ? ಬೈಸಿಕೊಂಡೂ ಇರುತ್ತೀರಿ! ಆ ರಾಕೆಟ್ಟನ್ನು ಮೇಲಿನಿಂದ ನೋಡಿ. ಮೂತಿ ಚೂಪು, ಹಿಂಭಾಗ ಅಗಲ. ಅದೊಂದು ತ್ರಿಕೋನ. ಇದೇ ಆಕಾರದ ರೆಕ್ಕೆಯುಳ್ಳ ಯುದ್ಧವಿಮಾನಗಳನ್ನು ತಯಾರಿಸಿ ದೇಶ ದೇಶಗಳಿಗೆ ಮಾರಿದವರು ಫ್ರಾನ್ಸಿನ ಮಾರ್ಸೆಲ್ ದಸೋ. ನಮ್ಮ ವಾಯುಪಡೆಯ ಮಿರಾಜ್ ಮತ್ತು ರಫೇಲ್ ವಿಮಾನಗಳು ಅವರು ಕಟ್ಟಿದ ಕಂಪನಿಯವು. ಪತ್ರಿಕೆಗಳಲ್ಲಿ ಈ ಹೆಸರನ್ನು ಡಸಾಲ್ಟ್ ಎಂದೂ ಬರೆಯುವುದುಂಟು.

ದಸೋ 1892ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದರು. ತಂದೆ ವೈದ್ಯರು. ಆಗ ಅವರ ಹೆಸರು ಮಾರ್ಸೆಲ್ ಬ್ಲಾಕ್. 1909ರಲ್ಲಿ ಒಂದು ದಿನ ಶಾಲೆಯ ಅಂಗಳದಲ್ಲಿದ್ದಾಗ, ಐಫೆಲ್ ಗೋಪುರವನ್ನು ಸುತ್ತು ಹಾಕುತ್ತಿದ್ದ ವಿಮಾನವೊಂದು ಅವರ ಕಣ್ಣಿಗೆ ಬಿತ್ತು. ಅದುವರೆಗೆ ಅವರು ವಿಮಾನವನ್ನೇ ಕಂಡಿರಲಿಲ್ಲ. ಮುಂದೆ ವಿಮಾನ ವಿಜ್ಞಾನದ ಶಾಲೆಗೇ ಸೇರಿದರು. ಅಲ್ಲಿ ಅವರ ಸಹಪಾಠಿಯಾಗಿದ್ದ ರಷ್ಯಾದ ಗುರೆವಿಚ್ ಮುಂದೆ ಮಿಗ್ ವಿಮಾನಗಳನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದರು!

ಮೊದಲ ಮಹಾಯುದ್ಧದಲ್ಲಿ ಬ್ಲಾಕ್ ಅವರು ಮರದ ಪ್ರೊಪೆಲರ್ ಒಂದನ್ನು ರೂಪಿಸಿದರು. ಅದನ್ನು ಕೆತ್ತಿದ್ದು ಮೇಜು ಕುರ್ಚಿ ಮಾಡುವ ಬಡಗಿಗಳು. ಫ್ರಾನ್ಸಿನ ಅನೇಕ ವಿಮಾನಗಳಿಗೆ ಅದನ್ನು ಜೋಡಿಸಲಾಯಿತು. 1918ರಲ್ಲಿ ಯುದ್ಧ ಮುಗಿಯಿತು. ಸರ್ಕಾರಕ್ಕೆ ವಿಮಾನ ಬೇಡವಾಯಿತು. ಕೊಳ್ಳುವವರು ಒಬ್ಬರೇ ಆಗಿದ್ದು ಅವರೂ ಬೇಡವೆಂದರೆ ಏನು ಮಾಡುವುದು? ಬ್ಲಾಕ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪೀಠೋಪಕರಣ, ಮನೆ ಕಟ್ಟಿಸುವುದು ಎಂದು ಬೇರೆ ವ್ಯವಹಾರ ಮಾಡಿದರು. ಆಮೇಲೆ ಮತ್ತೆ ವಿಮಾನಕ್ಕೆ ಮರಳಿದರು.

1940ರಲ್ಲಿ ಜರ್ಮನಿ ಫ್ರಾನ್ಸನ್ನು ಸೋಲಿಸಿತು. ಬ್ಲಾಕ್ ಯಹೂದಿ. ಜರ್ಮನರಿಗಾಗಿ ಕೆಲಸ ಮಾಡಲು ಅವರು ಒಪ್ಪಲಿಲ್ಲ. ಸೆರೆಮನೆಯಾಯಿತು. 1944ರಲ್ಲಿ ಬುಖೆನ್‌ವಾಲ್ಡ್ ಎಂಬ ಘೋರ ಸೆರೆಶಿಬಿರಕ್ಕೆ ಸಾಗಿಸಿದರು. ಮರುವರ್ಷ ಬಿಡುಗಡೆಯಾದಾಗ ಅವರಿಗೆ 53 ವರ್ಷ. ಕಾಯಿಲೆಯಿಂದ ಕೈಕಾಲಿನ ಶಕ್ತಿಯೇ ಉಡುಗಿತ್ತು. ಸೈನ್ಯದಲ್ಲಿದ್ದ ಅವರ ಅಣ್ಣ ಜರ್ಮನರ ವಿರುದ್ಧ ಗುಪ್ತವಾಗಿ ಹೋರಾಡಿದ್ದರು. ಫ್ರೆಂಚ್ ಭಾಷೆಯಲ್ಲಿ ಯುದ್ಧ ಟ್ಯಾಂಕಿಗೆ ಷಾರ್ ದಸೋ ಎನ್ನುತ್ತಾರೆ. ಅಣ್ಣನ ಗುಪ್ತನಾಮ ಅದರಿಂದಲೇ ಬಂದಿತ್ತು. ತಮ್ಮನೂ ಅದರಿಂದ ದಸೋ ಎಂಬ ಹೆಸರನ್ನು ತೆಗೆದುಕೊಂಡರು.

1949ರಲ್ಲಿ ಅವರ ಜೆಟ್ ವಿಮಾನ ಊರಗಾನ್ ಹಾರಿತು. ಊರಗಾನ್ ಎಂದರೆ ಚಂಡಮಾರುತ. 1953ರಲ್ಲಿ ಭಾರತ 71 ಊರಗಾನ್‌ಗಳಿಗೆ ಬೇಡಿಕೆ ಸಲ್ಲಿಸಿತು. ನಮ್ಮವರು ಅದನ್ನು ತೂಫಾನಿ ಎಂದು ಕರೆದರು.

ಆಮೇಲೆ ಶುರುವಾಯಿತು ನಿಜವಾದ ಪೈಪೋಟಿ. ಬ್ರಿಟನ್ನಿನ ಲೈಟ್ನಿಂಗ್, ಸ್ವೀಡನ್ನಿನ ಡ್ರಾಕೆನ್, ದಸೋ ಅವರ ಮಿರಾಜ್-3. ಮೂರೂ ಒಂದೇ ಕಾಲದವು. 1958ರ ಅಕ್ಟೋಬರ್‌ನಲ್ಲಿ ಮಿರಾಜ್ ಧ್ವನಿವೇಗದ ಎರಡರಷ್ಟನ್ನು ಮುಟ್ಟಿತು. ಯುರೋಪಿನಲ್ಲಿ ಅದೇ ಮೊದಲು. ಲೈಟ್ನಿಂಗ್ ಒಂದು ತಿಂಗಳು ತಡವಾಗಿ ಮುಟ್ಟಿತು. ಮೇಲೇರುವುದರಲ್ಲಿ ಲೈಟ್ನಿಂಗ್ ಬಲು ಚುರುಕು. ಆದರೆ ಅದರ ಎರಡು ಎಂಜಿನ್‌ಗಳಿಗೆ ಇಂಧನ ಸಾಲುತ್ತಿರಲಿಲ್ಲ, ಬಹಳ ದೂರ ಹೋಗಲಾಗುತ್ತಿರಲಿಲ್ಲ. ಹೊರದೇಶಗಳಲ್ಲಿ ಅದನ್ನು ಕೊಂಡವರು ಸೌದಿ ಅರೇಬಿಯ ಮತ್ತು ಕುವೈತ್ ಮಾತ್ರ. ಮಿರಾಜ್-3 ಮತ್ತು ಅದರ ಬಳಗದ ವಿಮಾನಗಳು 1,400ಕ್ಕೂ ಹೆಚ್ಚು ತಯಾರಾದವು.

ಗುಟ್ಟು ಏನು? ತ್ರಿಕೋನ ರೆಕ್ಕೆಯ ಬುಡ ಅಗಲ. ಹಾಗಾಗಿ ತೆಳ್ಳಗಿದ್ದರೂ ಗಟ್ಟಿ. ಒಳಗೆ ಇಂಧನ ತುಂಬಲು ಜಾಗವಿದೆ. ಧ್ವನಿಯನ್ನು ಮೀರಿ ಓಡುವಾಗ ಗಾಳಿಯ ತಡೆ ಕಡಿಮೆ. ತೊಂದರೆ ಇಳಿಯುವಾಗ. ಮೂತಿ ಮೇಲೆತ್ತಿ, ಹೆಚ್ಚು ವೇಗದಲ್ಲೇ ನೆಲ ಮುಟ್ಟಬೇಕು. ಅದಕ್ಕೆ ಉದ್ದನೆಯ ರನ್‌ವೇ ಬೇಕು. ಈ ಕಾರಣಕ್ಕೆ ಮುಂದಿನ ಮಿರಾಜ್ ಎಫ್-1 ವಿಮಾನದಲ್ಲಿ ದಸೋ ತಂಡ ತ್ರಿಕೋನವನ್ನೇ ಕೈಬಿಟ್ಟಿತು!

ಎಫ್-1ಕ್ಕೆ ಸೋಲುಗಳೂ ಕಾದಿದ್ದವು. 1975ರಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್, ಡೆನ್ಮಾರ್ಕ್, ನಾರ್ವೆ ನಾಲ್ಕೂ ಅಮೆರಿಕದ ಎಫ್-16 ಆರಿಸಿಕೊಂಡವು. 1978ರಲ್ಲಿ ಭಾರತದ ಮುಂದೆ ಎಫ್-1, ಸ್ವೀಡನ್ನಿನ ವಿಗೆನ್, ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ಮಾಡಿದ ಜಾಗ್ವಾರ್ ಇದ್ದವು. ವಿಗೆನ್ನಿನ ಎಂಜಿನ್ ಅಮೆರಿಕದ ವಿನ್ಯಾಸದ್ದು. ಅದನ್ನು ಮಾರಲು ಅಮೆರಿಕ ಬಿಡಲಿಲ್ಲ. ಭಾರತ ಜಾಗ್ವಾರ್ ಆರಿಸಿತು. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಅವು ತಯಾರಾದವು. ತಮಾಷೆಯೆಂದರೆ, ಜಾಗ್ವಾರ್ ತಯಾರಿಸಿದ ಫ್ರೆಂಚ್ ಕಂಪನಿ ಅಷ್ಟರಲ್ಲಿ ದಸೋ ಅವರದ್ದೇ ಆಗಿತ್ತು!

ಅದೇ ವರ್ಷ ತ್ರಿಕೋನ ರೆಕ್ಕೆ ಮರಳಿ ಬಂತು, ಮಿರಾಜ್-2000 ವಿಮಾನದಲ್ಲಿ. ಅಂಗೈ ಮೇಲೆ ಕೋಲು ನಿಲ್ಲಿಸಿ ನೋಡಿ. ಬೀಳದಂತೆ ಕೈಯನ್ನು ಸದಾ ಆಡಿಸುತ್ತಿರಬೇಕು. ಈ ವಿಮಾನವೂ ಹಾಗೆಯೇ. ಅದು ಚುರುಕಾಗಿ ತಿರುಗಲೆಂದು ಬೇಕೆಂದೇ ಸಮತೋಲವನ್ನು ಕಡಿಮೆ ಇಟ್ಟರು. ಕೈ ಆಡಿಸುವ ಕೆಲಸವನ್ನು ಕಂಪ್ಯೂಟರಿಗೆ ಕೊಟ್ಟರು. ಭಾರತ 1982ರಲ್ಲಿ ಇದನ್ನು ಕೊಂಡಿತು.

ದಸೋ ಭಾರತಕ್ಕೂ ಮಾರಿದರು, ಪಾಕಿಸ್ತಾನಕ್ಕೂ ಮಾರಿದರು. ಯುದ್ಧದ ಕ್ರೌರ್ಯವನ್ನು ಸ್ವತಃ ಉಂಡವರು ಮತ್ತೆ ಯುದ್ಧವಿಮಾನವನ್ನೇ ಏಕೆ ಮಾಡಿದರು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಗುರುಗಳೊಡನೆ ಚರ್ಚಿಸಿ.

1985ರಲ್ಲಿ ಯುರೋಪಿನ ದೇಶಗಳು ಸೇರಿ ಒಂದೇ ವಿಮಾನ ಮಾಡುವ ಮಾತುಕತೆಯಿಂದ ಫ್ರಾನ್ಸ್ ಹೊರಬಂತು. ಉಳಿದವರದು ಟೈಫೂನ್ ಆಯಿತು, ಫ್ರಾನ್ಸಿನದು ರಫೇಲ್. ದಸೋ 1986ರ ಏಪ್ರಿಲ್ 17ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಜುಲೈ 4ರಂದು ರಫೇಲ್ ಮೊದಲ ಬಾರಿ ಹಾರಿತು. 2012ರಲ್ಲಿ ಭಾರತದ ಪೈಪೋಟಿಯಲ್ಲಿ ಕೊನೆಗೆ ಉಳಿದ ಎರಡು ಇವೇ. ಗೆದ್ದದ್ದು ರಫೇಲ್. ಎರಡರ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಿಂದೆ ದೊಡ್ಡ ತ್ರಿಕೋನ, ಮುಂದೆ ಎರಡು ಪುಟ್ಟ ರೆಕ್ಕೆ. ಯಾವುದು ಯಾವುದೆಂದು ಹೇಳುವುದು ಅಷ್ಟು ಸುಲಭವಲ್ಲ!