ಮೂಸಿಯ ಮುನಿಸಿಗೆ ಮದ್ದು ಕಂಡ ವಿಶ್ವೇಶ್ವರಯ್ಯ

ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕನ್ನಂಬಾಡಿ ಕಟ್ಟೆ. ಆದರೆ ಅದಕ್ಕೂ ಮುನ್ನ ಅವರು ಪ್ರವಾಹಪೀಡಿತ ಹೈದರಾಬಾದ್ ನಗರಕ್ಕೆ ತೋರಿದ ದಾರಿ ಇಂದಿನ ನಗರಗಳಿಗೂ ಪಾಠವಾಗಬಲ್ಲದು.

ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಗೇಟುಗಳು ಅವರಿಗೆ ಕೀರ್ತಿ ತಂದವು. ಆ ಸೇವೆಯಿಂದ ನಿವೃತ್ತರಾಗಿ ವಿದೇಶ ಪ್ರವಾಸದಲ್ಲಿದ್ದಾಗ ನಿಜಾಮ್ ಸರ್ಕಾರದ ಕರೆ ಬಂದಿತು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಹೈದರಾಬಾದಿನಲ್ಲಿ ಸಹಸ್ರಾರು ಜನ ಪ್ರಾಣ ಕಳೆದುಕೊಂಡಿದ್ದರು. ನದಿದಂಡೆಯ ಮನೆಗಳು ಸಾಲುಸಾಲಾಗಿ ಕುಸಿದಿದ್ದವು. 1909ರಲ್ಲಿ ಅಲ್ಲಿಗೆ ಬಂದ ವಿಶ್ವೇಶ್ವರಯ್ಯ ನಗರದೊಳಗಿನ ಹಾನಿಯನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ನದಿಗೆ ನೀರುಣಿಸುವ ಇಡೀ ಜಲಾನಯನ ಪ್ರದೇಶವನ್ನೇ ಪರಿಶೀಲನೆಗೆ ಒಳಪಡಿಸಿದರು. ಅಲ್ಲಿದ್ದ 788 ಕೆರೆಗಳ ಪೈಕಿ 221 ಕೆರೆಗಳು ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಆ ನೀರಿನ ಭಾರಕ್ಕೆ ಕೆಳಗಿನ ಕೆರೆಯೂ ಒಡೆಯುತ್ತದೆ. ಹೀಗೆ ಕೂಡಿ ಬಂದ ನೀರು ನಗರಕ್ಕೆ ನುಗ್ಗಿತ್ತು. ಇತರ ಪ್ರಾಂತ್ಯಗಳ ಮಳೆಯ ದಾಖಲೆಗಳನ್ನೂ ತರಿಸಿಕೊಂಡು, ಇನ್ನೂ ದೊಡ್ಡ ಮಳೆ ಬಂದರೆ ಏನಾದೀತೆಂದು ಅವರು ಲೆಕ್ಕ ಹಾಕಿದರು.

ಅವರು ಸೂಚಿಸಿದ ಪರಿಹಾರ ಸರಳವಾಗಿತ್ತು: ಪ್ರವಾಹದ ನೀರನ್ನು ನಗರಕ್ಕೆ ಬರುವ ಮೊದಲೇ ತಡೆದು, ಸ್ವಲ್ಪಸ್ವಲ್ಪವಾಗಿ ಹೊರಬಿಡುವುದು. ಅದರ ಫಲವಾಗಿ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ (1920), ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ (1927) ನಿರ್ಮಾಣಗೊಂಡವು. ನದಿದಂಡೆಗಳನ್ನು ಎತ್ತರಿಸಿ ಉದ್ಯಾನಗಳನ್ನು ಬೆಳೆಸುವಂತೆಯೂ ಅವರು ಸಲಹೆ ನೀಡಿದ್ದರು.

1909ರಲ್ಲೇ ಮೈಸೂರಿನ ಮುಖ್ಯ ಎಂಜಿನಿಯರ್ ಆದ ಅವರು, 1912ರಿಂದ 1918ರವರೆಗೆ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಪುರಸ್ಕೃತರಾದರು. ನೂರು ವರ್ಷ ದಾಟಿದ ತುಂಬುಜೀವನ ನಡೆಸಿ, 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ನಿಧನರಾದರು.

ಈ ಎರಡು ಜಲಾಶಯಗಳ ಸುತ್ತಲಿನ 10 ಕಿ.ಮೀ. ವ್ಯಾಪ್ತಿಯಲ್ಲಿ ನಿರ್ಮಾಣ ಕಾಮಗಾರಿಗಳಿಗೆ 1996ರಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರ ಕಡಿವಾಣ ಹಾಕಿತ್ತು. 2022ರಲ್ಲಿ ತೆಲಂಗಾಣ ಸರ್ಕಾರ ಅದನ್ನು ತೆಗೆದುಹಾಕುವ ಆದೇಶ ಹೊರಡಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊಸ ಬಡಾವಣೆಗಳು ಕೆರೆನೀರಿನಲ್ಲಿ ಮುಳುಗಿದ್ದವು. ಬಡಾವಣೆಗೆ ಅನುಮತಿ ನೀಡುವವರು ಆ ನಿವೇಶನದ ನಕ್ಷೆಯೊಂದನ್ನೇ ನೋಡಿದರೆ ಸಾಲದು. ಮೇಲಿನ ಕೆರೆಗಳು, ಅವುಗಳ ಕೋಡಿ ಹರಿಯುವ ರಾಜಕಾಲುವೆ, ಬರಬಹುದಾದ ಅತಿ ದೊಡ್ಡ ಮಳೆ ಇವೆಲ್ಲವೂ ಲೆಕ್ಕಕ್ಕೆ ಬರಬೇಕು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮೂಸಿಯ ದಂಡೆಯಲ್ಲಿ ವಿಶ್ವೇಶ್ವರಯ್ಯ ಮಾಡಿದ್ದು ಇದನ್ನೇ.