ಶತ್ರು ದೇಶದ ಮಕ್ಕಳ ಹಸಿವನ್ನೂ ಕಂಡ ಎಗ್ಲಾಂಟೈನ್ ಜೆಬ್



ಯುದ್ಧ, ಭೂಕಂಪ, ಬರ, ಪ್ರವಾಹ ಎಲ್ಲೇ ಬಂದರೂ ಇಂದು ಕೆಲವೇ ದಿನಗಳಲ್ಲಿ ಪರಿಹಾರ ತಂಡಗಳು ಅಲ್ಲಿಗೆ ತಲುಪುತ್ತವೆ. ಅಂಥ ತಂಡಗಳಲ್ಲಿ ಮಕ್ಕಳಿಗಾಗಿಯೇ ಕೆಲಸ ಮಾಡುವ ತುರ್ತು ನೆರವಿನ ತಜ್ಞರು ಇರುತ್ತಾರೆ. ಯಾವ ಮಗುವಿಗೆ ಮೊದಲು ಆಹಾರ ಬೇಕು, ಕುಡಿಯುವ ನೀರು ಎಲ್ಲಿಂದ ತರಬೇಕು, ತಂದೆ ತಾಯಿಯಿಂದ ಬೇರೆಯಾದ ಮಗುವನ್ನು ಮತ್ತೆ ಮನೆ ಸೇರಿಸುವುದು ಹೇಗೆ ಎಂಬುದನ್ನೆಲ್ಲ ನೋಡಿಕೊಳ್ಳುವುದು ಅವರ ಕೆಲಸ. ನೂರು ವರ್ಷಗಳ ಹಿಂದೆ ಇಂಥದ್ದೊಂದು ವೃತ್ತಿ ಇತ್ತೆಂದೇ ಹೇಳಲಾಗದು. ದಾನಿಗಳಿದ್ದರು, ಕರುಣೆಯುಳ್ಳವರಿದ್ದರು. ಆ ಕರುಣೆಗೆ ಲೆಕ್ಕ, ಯೋಜನೆ ಮತ್ತು ನಿಯಮ ತಂದುಕೊಟ್ಟವರಲ್ಲಿ ಇಂಗ್ಲೆಂಡಿನ ಎಗ್ಲಾಂಟೈನ್ ಜೆಬ್ ಪ್ರಮುಖರು.

ಎಗ್ಲಾಂಟೈನ್ ಹುಟ್ಟಿದ್ದು 1876ರ ಆಗಸ್ಟ್ 25ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಎಲ್ಸ್‌ಮಿಯರ್ ಎಂಬ ಊರಿನಲ್ಲಿ. ಅನುಕೂಲಸ್ಥ ಮನೆತನ. ಹಳ್ಳಿಯ ಬಡವರಿಗೆ ಕರಕುಶಲ ಕೆಲಸ ಕಲಿಸುವ ಸಂಘವೊಂದನ್ನು ತಾಯಿ ಕಟ್ಟಿದ್ದರು. ಮಗಳು ಆಕ್ಸ್‌ಫರ್ಡ್‌ನ ಲೇಡಿ ಮಾರ್ಗರೆಟ್ ಹಾಲ್‌ನಲ್ಲಿ ಇತಿಹಾಸ ಓದಿದರು. ಆಗ ಅಲ್ಲಿ ಹೆಣ್ಣುಮಕ್ಕಳು ಪಾಠ ಕೇಳಬಹುದಿತ್ತು, ಪರೀಕ್ಷೆ ಬರೆಯಬಹುದಿತ್ತು, ಆದರೆ ಪದವಿ ಸಿಗುತ್ತಿರಲಿಲ್ಲ. ಆಕ್ಸ್‌ಫರ್ಡ್ ಮಹಿಳೆಯರಿಗೆ ಪದವಿ ಕೊಡಲು ಆರಂಭಿಸಿದ್ದು 1920ರಲ್ಲಿ.

ಓದು ಮುಗಿದ ಮೇಲೆ ಅವರು ಮಾರ್ಲ್‌ಬರೋ ಊರಿನ ಶಾಲೆಯೊಂದರಲ್ಲಿ ಶಿಕ್ಷಕಿಯಾದರು. ಆ ಕೆಲಸ ಅವರಿಗೆ ಒಗ್ಗಲಿಲ್ಲ, ಆರೋಗ್ಯವೂ ಕೆಟ್ಟಿತು. ಎರಡು ವರ್ಷ ತುಂಬುವ ಮೊದಲೇ ಬಿಟ್ಟರು. ಮುಂದೆ ಲಕ್ಷಾಂತರ ಮಕ್ಕಳ ಪಾಲಿಗೆ ಆಸರೆಯಾದ ಈ ಮಹಿಳೆಗೆ ಒಂದು ತರಗತಿಯ ಮಕ್ಕಳನ್ನು ಸಂಭಾಳಿಸುವುದೇ ಕಷ್ಟವಾಗಿತ್ತು. ನಂತರ ಕೇಂಬ್ರಿಜ್‌ನಲ್ಲಿ ದತ್ತಿ ಸಂಘವೊಂದನ್ನು ಸೇರಿದರು. ಆ ಊರಿನ ಬಡವರು ಎಲ್ಲಿ ವಾಸಿಸುತ್ತಾರೆ, ಏನು ದುಡಿಯುತ್ತಾರೆ, ಅವರ ಮಕ್ಕಳು ಏನು ಓದುತ್ತಾರೆ ಎಂದು ವಿಚಾರಿಸಿ 1906ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಸಹಾಯ ಮಾಡುವ ಮೊದಲು ಪರಿಸ್ಥಿತಿಯನ್ನು ಅಳೆದು ನೋಡಬೇಕು ಎಂಬ ಪಾಠವನ್ನು ಅವರು ಕಲಿತದ್ದು ಇಲ್ಲಿ.

1913ರಲ್ಲಿ ಬಾಲ್ಕನ್ ಯುದ್ಧಗಳ ಸಂತ್ರಸ್ತರಿಗೆ ಸಂಗ್ರಹವಾದ ನೆರವನ್ನು ಹಂಚಲು ಅವರು ಮ್ಯಾಸಿಡೋನಿಯಾಕ್ಕೆ ಹೋದರು. ಊರು ಸುಟ್ಟು, ಮನೆಮಠ ಬಿಟ್ಟು ಬಂದ ನಿರಾಶ್ರಿತರನ್ನು ಅಲ್ಲಿ ಕಣ್ಣಾರೆ ಕಂಡರು. ಅವರಲ್ಲಿ ಅಲ್ಬೇನಿಯಾದ ಮುಸ್ಲಿಮ್ ಕುಟುಂಬಗಳೂ ಇದ್ದವು. ಯುದ್ಧ ಮಾಡಿದವರು ಯಾರೇ ಇರಲಿ, ಗೆದ್ದವರು ಯಾರೇ ಇರಲಿ, ಉಪವಾಸ ಬೀಳುವುದು ಮಕ್ಕಳು ಎಂಬುದು ಅವರಿಗೆ ಮನದಟ್ಟಾಯಿತು.

ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು. ಅವರ ತಂಗಿ ಡೊರೊಥಿ ಬಕ್ಸ್‌ಟನ್ ವಿದೇಶಿ ಪತ್ರಿಕೆಗಳ ಸುದ್ದಿಯನ್ನು ಇಂಗ್ಲಿಷಿಗೆ ತಂದು ಕೇಂಬ್ರಿಜ್‌ನ ವಾರಪತ್ರಿಕೆಯೊಂದರಲ್ಲಿ ಪ್ರಕಟಿಸುತ್ತಿದ್ದರು. ಎಗ್ಲಾಂಟೈನ್ ಈ ಕೆಲಸದಲ್ಲಿ ಕೈಜೋಡಿಸಿದರು. ಶತ್ರು ದೇಶಗಳ ಜನಸಾಮಾನ್ಯರ ಸ್ಥಿತಿ ಅವರಿಗೆ ತಿಳಿದದ್ದು ಹೀಗೆ. 1918ರ ನವೆಂಬರ್‌ನಲ್ಲಿ ಯುದ್ಧ ನಿಂತಿತು, ಆದರೆ ಬ್ರಿಟನ್ ಮತ್ತು ಅದರ ಮಿತ್ರರಾಷ್ಟ್ರಗಳು ಹಾಕಿದ್ದ ದಿಗ್ಬಂಧನ ನಿಲ್ಲಲಿಲ್ಲ. ಶಾಂತಿ ಒಪ್ಪಂದಕ್ಕೆ ಸಹಿ ಬೀಳುವವರೆಗೆ ಜರ್ಮನಿ, ಆಸ್ಟ್ರಿಯಾಗಳ ಮೇಲೆ ಒತ್ತಡ ಇರಬೇಕೆಂಬುದು ಸರ್ಕಾರದ ಲೆಕ್ಕಾಚಾರ. ಅದರ ಬೆಲೆ ತೆತ್ತವರು ಹಾಲಿಲ್ಲದೆ, ಅನ್ನವಿಲ್ಲದೆ ಮೂಳೆ ಸೊಟ್ಟಗಾದ ವಿಯೆನ್ನಾದ ಪುಟ್ಟ ಮಕ್ಕಳು.

1919ರ ವಸಂತದಲ್ಲಿ ಎಗ್ಲಾಂಟೈನ್ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಿಂತು ಕರಪತ್ರ ಹಂಚಿದರು. ಹಸಿವಿನಿಂದ ಬಡಕಲಾದ ಆಸ್ಟ್ರಿಯಾದ ಮಗುವಿನ ಚಿತ್ರ ಅದರಲ್ಲಿತ್ತು. ಸರ್ಕಾರದ ಪೂರ್ವಾನುಮತಿ ಪಡೆದಿಲ್ಲವೆಂದು ಪೊಲೀಸರು ಅವರನ್ನು ಬಂಧಿಸಿದರು. ನಾಲ್ಕು ವರ್ಷ ಕಾದಾಡಿ ಅಣ್ಣ, ತಮ್ಮ, ಮಗನನ್ನು ಕಳೆದುಕೊಂಡ ಮನೆಗಳು ಲಂಡನ್ನಿನ ತುಂಬ ಇದ್ದ ಕಾಲ ಅದು. ವೈರಿಯ ಮಕ್ಕಳಿಗೆ ಊಟ ಕೇಳುವವರನ್ನು ದೇಶದ್ರೋಹಿ ಎಂದು ಕರೆಯುವುದು ಸುಲಭವಾಗಿತ್ತು. ನ್ಯಾಯಾಲಯದಲ್ಲಿ ಅವರು ವಕೀಲರನ್ನಿಡದೆ ತಾವೇ ವಾದಿಸಿದರು. ಕಾನೂನಿನ ಪ್ರಕಾರ ತಪ್ಪಿತಸ್ಥರೆಂದು ತೀರ್ಪಾಗಿ 5 ಪೌಂಡ್ ದಂಡ ಬಿತ್ತು. ಅಷ್ಟಕ್ಕೇ ಮುಗಿದದ್ದೇ ದೊಡ್ಡದು, ಇನ್ನೂ ಕಠಿಣ ಶಿಕ್ಷೆಯಾಗುವ ಸಾಧ್ಯತೆಯಿತ್ತು. ವಿಚಾರಣೆ ಮುಗಿದ ಮೇಲೆ ಅವರ ವಿರುದ್ಧ ವಾದಿಸಿದ್ದ ಸರ್ಕಾರಿ ವಕೀಲ ಸರ್ ಆರ್ಚಿಬಾಲ್ಡ್ ಬಾಡ್ಕಿನ್ ಅಷ್ಟೇ ಮೊತ್ತವನ್ನು ತಮ್ಮ ಜೇಬಿನಿಂದ ಅವರ ಕೈಗೆ ಕೊಟ್ಟರು. ಅದು ಮಕ್ಕಳ ನಿಧಿಗೆ ಸೇರಿತು.

ಕೆಲವೇ ದಿನಗಳಲ್ಲಿ, 1919ರ ಮೇ 19ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ದೊಡ್ಡ ಸಭೆಯಲ್ಲಿ ಅಕ್ಕ ತಂಗಿಯರು ಸೇವ್ ದಿ ಚಿಲ್ಡ್ರನ್ ನಿಧಿಯನ್ನು ಜನರ ಮುಂದಿಟ್ಟರು. 1920ರ ಜನವರಿಯಲ್ಲಿ ಜಿನೀವಾದಲ್ಲಿ ಇದರ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಎಗ್ಲಾಂಟೈನ್ ಪ್ರೊಟೆಸ್ಟೆಂಟ್ ಕುಟುಂಬದವರು. ಆದರೂ ರೋಮ್‌ನಲ್ಲಿದ್ದ ಪೋಪ್ 15ನೇ ಬೆನೆಡಿಕ್ಟ್ ಅವರ ಬೆಂಬಲ ಕೋರಿ ಪಡೆದರು. ಮಕ್ಕಳ ವಿಷಯದಲ್ಲಿ ಪಂಗಡದ ಗೋಡೆಗಳನ್ನು ದಾಟಲು ಅವರಿಗೆ ಸಂಕೋಚವಿರಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 1921ರಲ್ಲಿ. ರಷ್ಯಾದ ವೋಲ್ಗಾ ನದಿ ಸೀಮೆಯಲ್ಲಿ ಭೀಕರ ಬರ ಬಿತ್ತು. ಕಮ್ಯುನಿಸ್ಟ್ ಸರ್ಕಾರವಿರುವ ದೇಶಕ್ಕೆ ನಮ್ಮ ಹಣವೇಕೆ ಎಂದು ಬ್ರಿಟನ್ನಿನ ಕೆಲವು ಪತ್ರಿಕೆಗಳು ಟೀಕಿಸಿದವು. ಸಂಸ್ಥೆ ಹಿಂಜರಿಯಲಿಲ್ಲ. ಟಾರ್‌ಕ್ರಾಸ್ ಎಂಬ ಹಡಗಿನಲ್ಲಿ 600 ಟನ್ ಆಹಾರ ಮತ್ತು ಔಷಧಿ ಹೊರಟಿತು. ಸರಾಟೋವ್ ಪ್ರಾಂತ್ಯದಲ್ಲಿ ಮಕ್ಕಳಿಗಾಗಿ ಅಡುಗೆ ಕೇಂದ್ರಗಳು ತೆರೆದವು. ಸುಮಾರು 3 ಲಕ್ಷ ಮಕ್ಕಳು ಈ ಊಟದಿಂದ ಬದುಕುಳಿದರು.

ಇಲ್ಲಿ ಒಂದು ಮಾತು ಗಮನಿಸಬೇಕು. ಹಡಗು ತುಂಬ ಧಾನ್ಯ ಕಳಿಸಿದ ಮಾತ್ರಕ್ಕೆ ಮಗುವಿನ ಹೊಟ್ಟೆ ತುಂಬುವುದಿಲ್ಲ. ಬಂದರಿನಿಂದ ಹಳ್ಳಿಗೆ ಸಾಗಿಸಬೇಕು, ದಾಸ್ತಾನು ಕಾಯಬೇಕು, ಅಡುಗೆಯವರನ್ನು ಹುಡುಕಬೇಕು, ಮಕ್ಕಳ ಪಟ್ಟಿ ಬರೆಯಬೇಕು, ದಾನಿಗಳಿಗೆ ಲೆಕ್ಕ ಒಪ್ಪಿಸಬೇಕು. ಎಗ್ಲಾಂಟೈನ್ ಇದನ್ನು ಒಂದು ಉದ್ಯಮದಷ್ಟೇ ಶಿಸ್ತಿನಿಂದ ನಡೆಸಬೇಕೆಂದು ಹಟ ಹಿಡಿದರು. ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಹಾಕಿಸಿದರು, ಬರಗಾಲದ ಚಲನಚಿತ್ರವನ್ನು ಊರೂರಲ್ಲಿ ತೋರಿಸಿದರು. ದಾನದ ಹಣಕ್ಕೆ ಜಾಹೀರಾತೇ ಎಂಬ ಪ್ರಶ್ನೆ ಎದ್ದಿತು. ಖರ್ಚು ಮಾಡಿದ್ದಕ್ಕಿಂತ ಹೆಚ್ಚು ಹಣ ಬಂದದ್ದೇ ಅದಕ್ಕೆ ಉತ್ತರವಾಯಿತು.

ಆದರೆ ಒಂದು ಬರ ಮುಗಿದರೆ ಇನ್ನೊಂದು ಬರುತ್ತದೆ. ಪ್ರತಿ ಸಲವೂ ಜನರ ಮರುಕಕ್ಕೆ ಕಾಯುವ ಬದಲು ಮಕ್ಕಳಿಗೆ ಹಕ್ಕು ಇರಬೇಕು ಎಂದು ಅವರಿಗೆ ಅನಿಸಿತು. ಜಿನೀವಾ ಸಮೀಪದ ಸಾಲೆವ್ ಬೆಟ್ಟ ಹತ್ತಿ ಕುಳಿತು ಯೋಚಿಸಿ, ಐದೇ ಅಂಶಗಳ ಮಕ್ಕಳ ಹಕ್ಕುಗಳ ಘೋಷಣೆಗೆ ರೂಪ ಕೊಟ್ಟರು. ಕುಲ, ದೇಶ, ಧರ್ಮ ನೋಡದೆ ಪ್ರತಿ ಮಗುವಿನ ಬೆಳವಣಿಗೆಗೆ ಬೇಕಾದುದನ್ನು ಒದಗಿಸಬೇಕು. ಹಸಿದ, ರೋಗಿಷ್ಠ, ಹಿಂದುಳಿದ, ದಾರಿ ತಪ್ಪಿದ, ಅನಾಥ ಮಗುವನ್ನು ನೋಡಿಕೊಳ್ಳಬೇಕು. ಆಪತ್ತಿನಲ್ಲಿ ಮೊದಲ ನೆರವು ಮಗುವಿಗೆ. ಮಗು ದುಡಿದು ಬಾಳಲು ಸಜ್ಜಾಗಬೇಕು, ಯಾರೂ ಅದನ್ನು ಶೋಷಿಸಬಾರದು. ತನ್ನ ಪ್ರತಿಭೆ ಇತರರಿಗೂ ಸಲ್ಲಬೇಕೆಂಬ ಅರಿವಿನಲ್ಲಿ ಅದು ಬೆಳೆಯಬೇಕು. 1924ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಸಂಘ ಇದನ್ನು ಅಂಗೀಕರಿಸಿತು. ಪಾಲಿಸಲೇಬೇಕೆಂಬ ಕಾನೂನಿನ ಬಲ ಅದಕ್ಕಿರಲಿಲ್ಲ. 1989ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದ ಮೇಲೆ ಆ ಕೊರತೆ ಬಹುಮಟ್ಟಿಗೆ ನೀಗಿತು. ಭಾರತ ಅದನ್ನು 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು.

ಥೈರಾಯಿಡ್ ಕಾಯಿಲೆ ಅವರನ್ನು ಬಹುಕಾಲ ಕಾಡಿತ್ತು. ಮದುವೆಯಾಗದೆ ಉಳಿದ ಅವರು 1928ರ ಡಿಸೆಂಬರ್ 17ರಂದು, ತಮ್ಮ 52ನೇ ವಯಸ್ಸಿನಲ್ಲಿ, ಜಿನೀವಾದಲ್ಲಿ ನಿಧನರಾದರು. ಅವರ ಸಮಾಧಿ ಅಲ್ಲಿಯೇ ಇದೆ.

ಕೊಂಕಲ್‌ನಲ್ಲಿ ಓದುವ ನಮಗೆ ಇದು ದೂರದ ಕಥೆಯಲ್ಲ. ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದದ್ದು ಈಶಾನ್ಯ ಜಿಲ್ಲೆಗಳಲ್ಲಿ. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯೊಳಗಿತ್ತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಯುದ್ಧಭೂಮಿಯ ಶಿಬಿರದಲ್ಲಿ ತಜ್ಞರು ಬಳಸುವ ಅಳತೆಯೂ ಇದೇ. ಕೃಷ್ಣಾ, ಭೀಮಾ ನದಿಗಳು ಉಕ್ಕಿದಾಗ ತೆರೆಯುವ ಕಾಳಜಿ ಕೇಂದ್ರದಲ್ಲಿ ಹಾಲು ಯಾರಿಗೆ ಮೊದಲು ಎಂದು ಕೇಳಿದರೆ ಜೆಬ್ ಅವರ ಮೂರನೇ ಅಂಶವೇ ಉತ್ತರ. ಗುಳೆ ಹೋಗುವ ತಂದೆ ತಾಯಿಯ ಜೊತೆ ಶಾಲೆ ಬಿಟ್ಟು ಹೊರಡುವ ಮಗುವಿನ ಹೆಸರನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು ಎಂಬುದು ನಮ್ಮ ಮುಂದೆ ಇನ್ನೂ ಉಳಿದಿರುವ ಪ್ರಶ್ನೆ.

ಈ ವೃತ್ತಿಗೆ ವೈದ್ಯರು ಮಾತ್ರ ಬೇಕೆಂದು ತಿಳಿಯಬೇಡಿ. ವಿಜ್ಞಾನ ಓದುವವರು ನರ್ಸಿಂಗ್, ಆಹಾರ ವಿಜ್ಞಾನದ ಮೂಲಕ, ವಾಣಿಜ್ಯ ಓದುವವರು ಲೆಕ್ಕಪತ್ರ ಮತ್ತು ಸರಕು ಸಾಗಣೆಯ ಮೂಲಕ, ಕಲಾ ವಿಭಾಗದವರು ಸಮಾಜಕಾರ್ಯ ಮತ್ತು ಭಾಷೆಗಳ ಮೂಲಕ ಇದನ್ನು ಸೇರಬಹುದು. ಸ್ವತಃ ಜೆಬ್ ಓದಿದ್ದು ಇತಿಹಾಸ. ಅವರ ಐದನೇ ಅಂಶ ಪಿಯುಸಿ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಸಲ್ಲುತ್ತದೆ. ಅಂಗನವಾಡಿಯ ಉಂಡೆ, ಶಾಲೆಯ ಬಿಸಿಯೂಟ ಉಂಡು ಬೆಳೆದವರು ನಮ್ಮಲ್ಲಿ ಬಹಳ ಜನ. ಮುಂದಿನ ಮಗುವಿನ ತಟ್ಟೆಯ ಹೊಣೆ ಈಗ ನಮ್ಮ ಸರದಿ.